ಕುಂಕುಮ ಹಚ್ಚಿದ ಲಾಕು

ನನ್ನ ಸೊಂಟದಲ್ಲಿ ಐದು ಕೀಲಿಕೈ ಇದ್ದವು. ಆರನೆಯದು ಬೀರುವಿನಲ್ಲಿರುತ್ತಿತ್ತು, ನೋಡಿದರೆ ಕೀಲಿಕೈ ಅನ್ನುವ ಹಾಗೇ ಇರಲಿಲ್ಲ. ಬೆಂಕಿಪೊಟ್ಟಣದಷ್ಟು ದಪ್ಪ, ಒಂದು ಕಡೆ ಸೂಜಿಯಂಥ ಹಲ್ಲು. ಮಗಳು ಅದಕ್ಕೆ ಲಾಕು ಅನ್ನುತ್ತಿದ್ದಳು. ಆಗಿನ್ನೂ ಎರಡು ಸಾವಿರ ಇಸವಿ ಕಳೆದ ಹೊಸತು. ಕಾಗದನಗರದ ಬಸ್ ಸ್ಟಾಪಿನ ಎದುರು ಅವಳ ಡಿಟಿಪಿ ಅಂಗಡಿ: ಮದುವೆ ಕಾರ್ಡು, ತಿಥಿ ಕಾರ್ಡು, ಕರಪತ್ರ. ಲಾಕನ್ನು ಕಂಪ್ಯೂಟರಿನ ಬೆನ್ನಿಗೆ ಸಿಕ್ಕಿಸದಿದ್ದರೆ ಕನ್ನಡದ ಸಾಫ್ಟ್‌ವೇರು ತೆರೆಯುತ್ತಿರಲಿಲ್ಲ. ಕಳೆದರೆ ಇನ್ನೊಂದು ಕೊಡುವುದಿಲ್ಲ ಅಂತ ಕಂಪನಿಯವರು ಹೇಳಿದ್ದರಂತೆ. ಅದಕ್ಕೇ ಸಂಜೆ ಅಂಗಡಿ ಮುಚ್ಚಿ ಬಂದವಳೇ ನನ್ನ ಕೈಗೆ ಕೊಡುತ್ತಿದ್ದಳು. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು. ಕೀಲಿಕೈ ಕಾಯುವುದು ಗೊತ್ತು, ಅದರ ಹೊಟ್ಟೆಯಲ್ಲೇನಿದೆ ಅಂತ ಕೇಳಲಿಲ್ಲ.

ಆಗ ಕಾಗದದ ಮಿಲ್ಲಿನ ಸೈರನ್ನಿಗೇ ನಮ್ಮ ಅಡುಗೆ, ಊಟ. ಬಿದಿರು ಬೇಯುವ ವಾಸನೆಗೆ ಹೊಸಬರು ಮೂಗು ಮುಚ್ಚುತ್ತಿದ್ದರು; ನಮಗೆ ವಾಸನೆ ಬರದಿದ್ದರೇ ಗಾಬರಿ. ಆ ವಾಸನೆಯಲ್ಲಿ, ಆ ಅಂಗಡಿಯಲ್ಲಿ ಕೂತು ನನ್ನ ಅಕ್ಕ ಸೋಬಾನೆ ಪದ ಬರೆಸಿದಳು. ಪ್ರತಿ ಸೋಮವಾರ ಹೊಳಲೂರಿನಿಂದ ಬಸ್ಸಿನಲ್ಲಿ ಬರುವುದು, ಕುರ್ಚಿಯ ಮೇಲೆ ಚಕ್ಕಳಮಕ್ಕಳ ಹಾಕಿ ಹೇಳುವುದು, ಮಗಳು ಟೈಪು ಮಾಡುವುದು, ನಾನು ಪಕ್ಕದಲ್ಲಿ ಕೂತು ಕೇಳುವುದು. ಎಂಬತ್ತು ಪದ ಆಗಿದ್ದವು. ತೋರಿಸಲಿಕ್ಕೆ ಅಂತ ಒಂದನ್ನು ಮಾತ್ರ ಪ್ರಿಂಟು ತೆಗೆದಿದ್ದರು, ಉಳಿದದ್ದು ಒಟ್ಟಿಗೇ ಪುಸ್ತಕ ಮಾಡೋಣ ಅಂತ.

"ಬಾಯಲ್ಲಿರೋದನ್ನ ಪೆಟ್ಟಿಗೇಲಿ ಯಾಕೆ ತುಂಬ್ತೀಯೆ ಮಾರಾಯ್ತಿ?" ಅಂದೆ ಒಂದು ಸಲ.

"ನಿನ್ನ ಬಾಯಲ್ಲಿ ಬೈಗುಳ ಬಿಟ್ರೆ ಏನೈತೆ? ಒಂದು ಪದಾನೂ ಪೂರ್ತಿ ಬರಲ್ಲ ನಿಂಗೆ" ಅಂದಳು ಅಕ್ಕ.

ಮುಂದಿನ ಮಳೆಗಾಲದಲ್ಲಿ ತೀರಿಕೊಂಡಳು.

ಆ ವರ್ಷದ ಆಯುಧಪೂಜೆಗೆ ಈಳಿಗೆಮಣೆ, ಕುಡುಗೋಲು, ಅಂಗಡಿಯ ಕತ್ತರಿ, ಸ್ಟೇಪ್ಲರು ಎಲ್ಲ ತೊಳೆದು ಸಾಲಾಗಿ ಇಟ್ಟೆ. ಮನೆಗೆ ಅನ್ನ ಹಾಕುವ ಲಾಕಿಗೆ ಪೂಜೆ ಬೇಡವೆ? ಅದನ್ನೂ ತೊಳೆದೆ. ಹಲ್ಲಿರುವ ಕಡೆಯೇ ಮುಖ ಅಂದುಕೊಂಡು ಅಲ್ಲಿಗೇ ಅರಿಶಿನ ಕಲಸಿ ಬಳಿದು ಕುಂಕುಮ ಇಟ್ಟೆ.

ಮರುದಿನ ಸಾಫ್ಟ್‌ವೇರು ತೆರೆಯಲಿಲ್ಲ. ಮಗಳು ಲಾಕನ್ನು ಒರೆಸಿದಳು, ಊದಿದಳು, ಬಿಸಿಲಿಗಿಟ್ಟಳು.

"ಏನ್ ಮಾಡ್ದೆ ಅಮ್ಮಾ ಇದಕ್ಕೆ?"

"ಪೂಜೆ ಮಾಡ್ದೆ."

"ದೊಡ್ಡಮ್ಮನ ಪದ ಎಲ್ಲಾ ಆ ಸಾಫ್ಟ್‌ವೇರಿನೊಳಗೇ ಇದೆ. ಇದಿಲ್ದೆ ಒಂದೂ ಓದಕ್ಕಾಗಲ್ಲ."

ಕಂಪನಿಗೆ ಫೋನು ಮಾಡಿದರೆ ಎತ್ತುವವರಿಲ್ಲ, ಅದು ಮುಚ್ಚಿಹೋಗಿತ್ತು. ನಾನೇ ಶಿವಮೊಗ್ಗಕ್ಕೆ ಹೋಗಿ, ಕೋಟೆ ಹತ್ತಿರದ ಅಂಗಡಿಯೊಂದರಿಂದ ಅಂಥದೇ ಲಾಕನ್ನು ಒಂದು ದಿನದ ಮಟ್ಟಿಗೆ ಬೇಡಿ ತಂದೆ. ನಮ್ಮ ಕಂಪ್ಯೂಟರಿಗೆ ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂತಿತು. ಆದರೆ ಅದು ಬೇರೆ ಕಂಪನಿಯದು. ನಮ್ಮ ಸಾಫ್ಟ್‌ವೇರು ಅದನ್ನು ಮೂಸಿಯೂ ನೋಡಲಿಲ್ಲ.

ಪಕ್ಕದ ಕ್ವಾರ್ಟರ್ಸಿನಲ್ಲಿ ಒಬ್ಬ ಸಾಬರಿದ್ದರು, ರೇಡಿಯೋ ರಿಪೇರಿ ಬಿಟ್ಟು ಕಂಪ್ಯೂಟರ್ ರಿಪೇರಿ ಹಿಡಿದವರು. ಅವರು ಬಂದು ಬೇರೆಯೇ ಸಾಫ್ಟ್‌ವೇರು ಹಾಕಿದರು. ಅದನ್ನು ಯಾರು ಬೇಕಾದರೂ ಬಿಚ್ಚಿ ನೋಡಬಹುದಂತೆ, ತಿದ್ದಬಹುದಂತೆ, ಅದಕ್ಕೆ ಲಾಕೇ ಬೇಡವಂತೆ.

"ಅಷ್ಟು ಒಳ್ಳೇದಾದ್ರೆ ಈ ಲಾಕನ್ನೂ ಅದೇ ರಿಪೇರಿ ಮಾಡ್ಲಿ" ಅಂದೆ.

"ಅದಾಗಲ್ಲಮ್ಮಾ. ಲಾಕು ಹೆಂಗೆ ಮಾತಾಡ್ತದೆ ಅಂತ ಕಂಪನಿಯೋರು ಯಾರಿಗೂ ಹೇಳಿಲ್ಲ. ಇದನ್ನ ಬರೆದೋರಿಗೆ ಹೆಂಗೆ ಗೊತ್ತಾಗ್ಬೇಕು?"

ಹಾಡಿನ ಫೈಲೇನೋ ತೆರೆಯಿತು. ಒಂದಕ್ಷರ ಕನ್ನಡವಿಲ್ಲ. ಇಂಗ್ಲಿಷ್ ಅಕ್ಷರ, ಅದರ ತಲೆ ಮೇಲೆ ಚುಕ್ಕಿ, ಗೀಟು.

"ನಮ್ಮಕ್ಕ ಹಿಂಗೆ ಹಾಡಿದ್ಲಾ?"

"ಅಮ್ಮಾ, ಪದ ಎಲ್ಲಾ ಅಲ್ಲೇ ಐತೆ. ಆ ಕಂಪನಿ ತನ್ನದೇ ಗುರುತಲ್ಲಿ ಬರೆದಿಟ್ಟದೆ. ಯಾವ ಗುರುತು ಯಾವ ಅಕ್ಷರ ಅಂತ ಸಿಕ್ಕಿದ್ರೆ ಸಾಕು" ಅಂದರು ಸಾಬರು.

ಪ್ರಿಂಟು ತೆಗೆದ ಆ ಒಂದು ಹಾಳೆ ನನ್ನ ಹಾಸಿಗೆಯಡಿ ಇತ್ತು. ಯಾಕಿಟ್ಟಿದ್ದೆ ಅಂತ ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಪರದೆಯನ್ನೂ ಹಾಳೆಯನ್ನೂ ಹೋಲಿಸಿ ಒಂದಷ್ಟು ಅಕ್ಷರ ಹಿಡಿದರು. ಉಳಿದದ್ದಕ್ಕೆ ನನ್ನನ್ನು ಕೂರಿಸಿದರು. ಇದಾದ ಮೇಲೆ ಅಕ್ಕ ಯಾವ ಪದ ಹೇಳಿದ್ದು ಅಂತ ಮಗಳು ಕೇಳುವುದು, ನಾನು ಬಂದಷ್ಟು ಸಾಲು ಹೇಳುವುದು. ಹೇಳಿದ್ದು ಸರಿಯಾಗಿ ಕೂತರೆ ಇನ್ನೆರಡು ಅಕ್ಷರ ಸಿಗುತ್ತಿತ್ತು. ಹನ್ನೆರಡು ದಿನ ಹಿಡಿಯಿತು. ಮಧ್ಯಾಹ್ನ ಮೂವರಿಗೂ ಅಲ್ಲೇ ಅನ್ನ, ನಾನು ಮಾಡಿದ ಸಾರು.

ಕೊನೆಗೊಂದು ದಿನ ಸಾಬರು ಗುಂಡಿ ಒತ್ತಿದರು. ಪರದೆ ತುಂಬ ಕನ್ನಡ. ಮಗಳು ಗಟ್ಟಿಯಾಗಿ ಓದತೊಡಗಿದಳು. ಬೀಗರನ್ನು ಹಂಗಿಸುವ ಪದ ಬಂತು, ಅದರ ಕೊನೆಯಲ್ಲಿ ನಾನು ಹುಟ್ಟಿದ ಮೇಲೆ ಕೇಳದ ನಾಲ್ಕು ಸಾಲು. ಹೆಣ್ಣಿನ ಚಿಕ್ಕಮ್ಮ ಮಾಡಿದ ಸಾರಿನಲ್ಲಿ ಮುಖ ನೋಡಿಕೊಂಡು ತಲೆ ಬಾಚಬಹುದಂತೆ. ಬೇಳೆ ಹುಡುಕಲಿಕ್ಕೆ ದೋಣಿ ಬೇಕಂತೆ. ಅಕ್ಕನ ಹೆಣ್ಣುಮಕ್ಕಳಿಗೆಲ್ಲ ಇರುವ ಚಿಕ್ಕಮ್ಮ ನಾನೊಬ್ಬಳೇ.

"ಇದನ್ನ ಯಾವಾಗ ಬರೆಸಿದ್ಲು?"

"ನೀನು ಕಾಫಿ ತರಕ್ಕೆ ಹೋಗಿದ್ದಾಗ. ಅವಳಿಗೆ ಹೇಳ್ಬೇಡ, ಪುಸ್ತಕದಲ್ಲೇ ಓದಿ ಉರ್ಕೊಳ್ಲಿ ಅಂದಿದ್ರು ದೊಡ್ಡಮ್ಮ."

ಸಾಬರು ಗೋಡೆ ಕಡೆ ತಿರುಗಿ ನಗುತ್ತಿದ್ದರು. ಹನ್ನೆರಡು ದಿನ ಅವರೂ ಅದೇ ಸಾರು ಉಂಡಿದ್ದರಲ್ಲ.

"ತೆಗೆದುಬಿಡ್ಲಾ ಅಮ್ಮಾ?"

"ಮುಟ್ಟಿದ್ರೆ ಕೈ ಮುರೀತೀನಿ."

ಪುಸ್ತಕದಲ್ಲಿ ಆ ಸಾಲುಗಳು ಹಾಗೇ ಇವೆ. ಮದುವೆ ಮನೆಗಳಲ್ಲಿ ಈಗ ಅದನ್ನೇ ಹೆಚ್ಚು ಹಾಡುತ್ತಾರೆ, ನನ್ನ ಮುಖ ನೋಡಿಕೊಂಡೇ ಹಾಡುತ್ತಾರೆ. ಸಾರಿಗೆ ಒಂದು ಹಿಡಿ ಬೇಳೆ ಜಾಸ್ತಿ ಹಾಕುತ್ತೇನೆ. ಅಕ್ಕ ಹೇಳಿದಳು ಅಂತಲ್ಲ, ಕುಕ್ಕರು ದೊಡ್ಡದು ತಂದಿದ್ದೇವೆ.