ಅಕ್ಕನ ವೇಳೆಯನ್ನು ಮುರಿಯಲು ಹೊರಟ ದಿನ

ಪತ್ರಿಕೆಯ ಕಚೇರಿಯವರು ನನಗೆ ಕೊಟ್ಟ ಲ್ಯಾಪ್‌ಟಾಪ್ ಒಂದು ದಪ್ಪ ಡೈರಿಯಷ್ಟಿತ್ತು. ಬೀದರಿನಿಂದ ಸೋಮವಾರ ಭಾಲ್ಕಿಗೆ, ಗುರುವಾರ ಔರಾದಿಗೆ ಹೋಗಿ ಅಲ್ಲಿಂದಲೇ ಸುದ್ದಿ ಕಳಿಸಬೇಕಿತ್ತು. ಲ್ಯಾಪ್‌ಟಾಪ್ ಎಷ್ಟು ಹಗುರವೆಂದರೆ, ಬಸ್ಸಿನಲ್ಲಿ ಆಗಾಗ ಚೀಲಕ್ಕೆ ಕೈಹಾಕಿ ಇದೆಯೋ ಇಲ್ಲವೋ ಎಂದು ನೋಡಿಕೊಳ್ಳುತ್ತಿದ್ದೆ. ಎರಡು ಕೆಲಸ ಒಟ್ಟಿಗೆ ಹೇಳಿದರೆ ನಿಂತುಬಿಡುತ್ತಿತ್ತು. ನನಗಿಂತ ಮೊದಲು ಅದನ್ನು ಬಳಸಿದ ಯಾರೋ ಅದರಲ್ಲಿ ಒಂದು ಕಾರಿನ ಆಟ ಬಿಟ್ಟುಹೋಗಿದ್ದರು. ನೀಲಿ ಕಾರು, ಕಂದು ಗುಡ್ಡಗಳು, ಸುತ್ತಿ ಬಂದು ಹೊರಟಲ್ಲಿಗೇ ಸೇರುವ ರಸ್ತೆ. ಮೂರು ಸುತ್ತಿಗೆ ಆಟ ಮುಗಿಯುತ್ತಿತ್ತು.

ಬರದ ವರ್ಷಗಳವು. ಊರು ಬಿಟ್ಟು ಹೋಗುವವರ ಸುದ್ದಿಯನ್ನೇ ನಾನು ಹೆಚ್ಚಾಗಿ ಬರೆಯುತ್ತಿದ್ದೆ. ನನ್ನ ಭಾವನೂ ಪುಣೆಗೆ ಹೋಗಿದ್ದ. ಅಲ್ಲಿ ಗೋದಾಮಿನಲ್ಲಿ ಕೆಲಸ, ಒಂದು ಕೋಣೆಯಲ್ಲಿ ಏಳು ಗಂಡಸರು. ಹೆಂಡತಿಯನ್ನು ಕರೆದುಕೊಳ್ಳಲು ಜಾಗವಿರಲಿಲ್ಲ. ಭಾಲ್ಕಿಯ ಮನೆಯಲ್ಲಿ ನನ್ನ ಅಕ್ಕ ಮತ್ತು ಅವಳ ಅತ್ತೆ ಇಬ್ಬರೇ ಉಳಿದಿದ್ದರು.

ಅವರ ಓಣಿಗೆ ಮೂರು ದಿನಕ್ಕೋ ನಾಲ್ಕು ದಿನಕ್ಕೋ ಒಮ್ಮೆ ನೀರಿನ ಟ್ಯಾಂಕರ್ ಬರುತ್ತಿತ್ತು. ಬೆಳಿಗ್ಗೆ ಬರಬಹುದು, ಸಂಜೆ ಬರಬಹುದು. ಮನೆಯ ಮುಂದೆ ಪೈಪು ಹಿಡಿಯಲು ಒಬ್ಬರು ನಿಂತಿದ್ದರೆ ಮಾತ್ರ ಆ ಮನೆಯ ಬ್ಯಾರಲ್ಲಿಗೆ ನೀರು. ಒಬ್ಬರ ಪಾಲು ಇನ್ನೊಬ್ಬರು ಹಿಡಿಯಲು ಹೋಗಿ ಜಗಳಗಳಾದ ಮೇಲೆ ಓಣಿಯವರೇ ಮಾಡಿಕೊಂಡ ಕಟ್ಟಳೆ ಅದು. ಅತ್ತೆಗೆ ಮೊಣಕಾಲು ನೋವು, ಪೈಪು ಎಳೆಯಲಾಗುತ್ತಿರಲಿಲ್ಲ. ಹೀಗಾಗಿ ಅಕ್ಕ ಓಣಿಯ ತಿರುವು ದಾಟಿ ಹೋಗುವುದು ಕಡಿಮೆಯಾಯಿತು. ಟ್ಯಾಂಕರಿಗೆ ನಿಗದಿತ ವೇಳೆಯಿಲ್ಲವೆಂದು ಸಾರ್ವಜನಿಕರು ದೂರಿದ್ದಾರೆ ಎಂಬ ಸಾಲನ್ನು ನಾನು ಎಷ್ಟೋ ವರದಿಗಳಲ್ಲಿ ಬರೆದಿದ್ದೆ. ಆ ಸಾಲಿನೊಳಗೆ ಮನೆಗೊಬ್ಬರು ಸಿಕ್ಕಿಕೊಂಡು ಕೂತಿದ್ದಾರೆ ಎಂಬುದನ್ನು ಬರೆದಿರಲಿಲ್ಲ.

ಸೋಮವಾರ ನಾನು ಅಲ್ಲಿ ಊಟ ಮಾಡುವಷ್ಟು ಹೊತ್ತು ಅಕ್ಕ ಲ್ಯಾಪ್‌ಟಾಪನ್ನು ಹೊಸ್ತಿಲ ಬಳಿ ಇಟ್ಟುಕೊಂಡು ಕಾರು ಓಡಿಸುತ್ತಿದ್ದಳು. ಟ್ಯಾಂಕರಿನ ಹಾರ್ನ್ ಕೇಳಿಸಬೇಕೆಂದು ಆಟದ ಸದ್ದು ಪೂರ್ತಿ ಬಂದ್. ಗೆಲ್ಲುವುದಕ್ಕಿಂತ ಅವಳಿಗೆ ರಸ್ತೆ ಬಿಟ್ಟು ಇಳಿಯುವುದು ಇಷ್ಟ. ಕಾರನ್ನು ಗುಡ್ಡದ ಕಡೆ ತಿರುಗಿಸುತ್ತಿದ್ದಳು. ಸ್ವಲ್ಪ ದೂರ ಹೋದ ಮೇಲೆ ಬಯಲಿನಲ್ಲೇ ಏನೋ ತಡೆದಂತೆ ಅದು ನಿಂತುಬಿಡುತ್ತಿತ್ತು.

“ಈ ಗುಡ್ಡದ ಆಚಿ ಏನದ ತಮ್ಮಾ?”

ಏನೂ ಇಲ್ಲ, ಬರೀ ಚಿತ್ರ ಎಂದೆ.

“ಹೋಗಿ ನೋಡ್ದೇನೇ ಹೇಳ್ತಿ. ಪೇಪರ್‍ನಾಗೂ ಹಿಂಗೇ ಬರೀತಿ ಏನು?”

ಹಾಗೆ ಆಡುತ್ತಲೇ ಒಂದು ದಿನ ಅವಳು ಮೂರು ಸುತ್ತನ್ನು ನನಗಿಂತ ನಾಲ್ಕು ಸೆಕೆಂಡು ಮೊದಲೇ ಮುಗಿಸಿದಳು. ಆಟದ ಪಟ್ಟಿಯಲ್ಲಿ ಅವಳ ವೇಳೆ ಮೇಲೆ, ನನ್ನದು ಕೆಳಗೆ. ವಾರಗಟ್ಟಲೆ ಪ್ರಯತ್ನಿಸಿದರೂ ಅದನ್ನು ಮುರಿಯಲು ನನಗೆ ಆಗಲಿಲ್ಲ. ಔರಾದಿನ ತಾಲ್ಲೂಕು ಕಚೇರಿಯಲ್ಲಿ ಸಭೆ ಶುರುವಾಗುವುದನ್ನು ಕಾಯುವಾಗಲೂ ಅದನ್ನೇ ಆಡುತ್ತಿದ್ದೆ.

ಅಕ್ಕ ಶಿಕ್ಷಕಿಯ ತರಬೇತಿ ಮುಗಿಸಿದ್ದಳು. ಆ ಬೇಸಿಗೆ ಔರಾದ್ ಕಡೆಯ ಶಾಲೆಗಳಲ್ಲಿ ಜಾಗ ಖಾಲಿ ಇವೆಯೆಂದು ತಿಳಿದು ಅರ್ಜಿ ಹಾಕಿಸಿದವನು ನಾನೇ. ಎರಡು ದಿನ ಬೀದರಿಗೆ ಹೋಗಬೇಕಿತ್ತು: ಮೊದಲ ದಿನ ಮೂಲ ದಾಖಲೆ ತೋರಿಸಲು, ಎಂಟು ದಿನ ಬಿಟ್ಟು ಶಾಲೆ ಆರಿಸಿಕೊಳ್ಳಲು. ಎರಡನೆಯ ದಿನ ಬಾರದವರ ಜಾಗ ಪಟ್ಟಿಯಲ್ಲಿ ಮುಂದಿನವರಿಗೆ. ಕೆಲಸ ಸಿಕ್ಕರೆ ತಾನು ಬಗದಲ್‌ನ ಮಗಳ ಮನೆಗೆ ಹೋಗಿ ಇರುವುದಾಗಿ ಅತ್ತೆಯೇ ಹೇಳಿದ್ದರು. ಮನೆಗೆ ಬೀಗ ಹಾಕಬಹುದಿತ್ತು. ಅಕ್ಕನಿಗೆ ಆ ಓಣಿಯಿಂದ ಹೊರಬೀಳಲು ಇದ್ದ ದಾರಿ ಅದೊಂದೇ.

ದಾಖಲೆಯ ದಿನ ಸೋಮವಾರ ಬಂತು. ಟ್ಯಾಂಕರ್ ನಾನು ನೋಡಿಕೊಳ್ಳುತ್ತೇನೆ ಎಂದೆ. ಅಕ್ಕ ಬೆಳಗಿನ ಬಸ್ಸಿಗೆ ಹೋದಳು.

ಹತ್ತೂವರೆಗೆ ನಾನು ಸುದ್ದಿ ಬರೆದು ಮುಗಿಸಿ ಆಟ ತೆಗೆದೆ. ಬಿಸಿಲಿಗೆ ಪರದೆ ಕಾಣಿಸದೆ ಬಾಗಿಲು ಮುಚ್ಚಿಕೊಂಡೆ. ಅಷ್ಟರಲ್ಲಿ ಅತ್ತೆ ಸ್ನಾನ ಮುಗಿಸಿ ಲಿಂಗಪೂಜೆಗೆ ಕೂತರು. ಆಟದ ಕಾರಿನ ಸದ್ದು ಬೇಡವೆಂದು ಕೈಸನ್ನೆ ಮಾಡಿದರು. ಸದ್ದು ಬಂದ್ ಮಾಡಿದ್ದರೆ ಸಾಕಿತ್ತು. ತಿರುವಿನಲ್ಲಿ ಚಕ್ರದ ಸದ್ದು ಕೇಳದೆ ವೇಗ ಹಿಡಿಯಲಾಗದೆಂದು ನಾನು ಇಯರ್‌ಫೋನ್ ಹಾಕಿಕೊಂಡೆ. ಆ ದಿನ ಅಕ್ಕನ ವೇಳೆಯ ತೀರ ಹತ್ತಿರ ಬಂದಿದ್ದೆ. ಇನ್ನೊಂದು ಸಲ, ಇನ್ನೊಂದು ಸಲ ಎಂದು ಎಷ್ಟು ಸಲ ಸುತ್ತಿದೆನೋ ಲೆಕ್ಕವಿಲ್ಲ.

ಬಾಗಿಲು ತೆಗೆದಾಗ ಓಣಿಯ ನೆಲ ಒದ್ದೆಯಾಗಿತ್ತು. ಎಡಗಡೆಯ ಮನೆಯ ಬ್ಯಾರಲ್ ತುಂಬಿತ್ತು, ಬಲಗಡೆಯದೂ ತುಂಬಿತ್ತು. ನಮ್ಮದರ ತಳದಲ್ಲಿ ನಿನ್ನೆಯ ಒಂದು ಚೊಂಬು ನೀರು. ಮುಖ್ಯ ರಸ್ತೆಯವರೆಗೆ ಓಡಿದೆ. ಟ್ಯಾಂಕರ್ ಹೋಗಿಯಾಗಿತ್ತು.

ಪೂಜೆ ಮುಗಿಸಿ ಎದ್ದ ಅತ್ತೆ ನನ್ನ ಮುಖ ನೋಡಿ ಅರ್ಥ ಮಾಡಿಕೊಂಡರು.

“ಹಾರ್ನ್ ಕೇಳಿಸ್ತ್ರಿ ನನಗ. ಎರಡು ಸಲ ಹೊಡದ. ಲಿಂಗ ಕೈಯಾಗಿತ್ತು, ಏಳಾಕ ಬರೂದಿಲ್ಲ, ಮಾತಾಡಾಕ ಬರೂದಿಲ್ಲ. ಮನ್ಯಾಗ ನೀವು ಅದೀರಲ್ಲ ಅಂದ್ಕೊಂಡೆ.”

ಬೀಗರ ಕಡೆಯವನೆಂದು ಅವರು ನನಗೆ ಬೇರೇನೂ ಅನ್ನಲಿಲ್ಲ. ಬೈದಿದ್ದರೆ ಉತ್ತರವಾದರೂ ಕೊಡಬಹುದಿತ್ತು.

ಅಕ್ಕ ನಾಲ್ಕು ಗಂಟೆಗೆ ಬಂದಳು. ದಾಖಲೆ ಸರಿ ಇವೆ, ಪಟ್ಟಿಯಲ್ಲಿ ಮೇಲೆಯೇ ಇದ್ದೇನೆ ಎಂದು ದೂರದಿಂದಲೇ ಹೇಳುತ್ತ ಬಂದವಳು ಬ್ಯಾರಲ್ಲಿನೊಳಗೆ ಬಗ್ಗಿ ನೋಡಿದಳು. ಟ್ಯಾಂಕರ್ ಬರಲಿಲ್ಲ ಎಂದು ಹೇಳುವ ಯೋಚನೆ ನನಗೆ ಬಂದದ್ದು ನಿಜ. ಅಕ್ಕಪಕ್ಕದ ಬ್ಯಾರಲ್ಲುಗಳು ತುಂಬಿದ್ದವು. ಹಾಗಾಗಿ ಆದದ್ದನ್ನೇ ಹೇಳಿದೆ.

“ಆಟ ಆಡ್ಲಿಕತ್ತಿದ್ದಿ,” ಎಂದಳು. ಅದು ಪ್ರಶ್ನೆಯಾಗಿರಲಿಲ್ಲ. ಕೊಡ ತೆಗೆದುಕೊಂಡು ಹೊರಟಳು.

ಮುಂದಿನ ನಾಲ್ಕು ದಿನ ಅವಳು ಊರಾಚೆಯ ಒಂದು ಕೊಳವೆಬಾವಿಯಿಂದ ನೀರು ಹೊತ್ತಳು. ಸ್ನಾನವಿಲ್ಲದೆ ಅತ್ತೆ ಪೂಜೆಗೆ ಕೂರುವವರಲ್ಲ, ಪೂಜೆಯಿಲ್ಲದೆ ಉಣ್ಣುವವರಲ್ಲ. ಒಂದು ದಿನ ಕರೆಂಟಿಲ್ಲದೆ ಕೊಳವೆಬಾವಿ ನಿಂತಿತ್ತು. ಅಕ್ಕ ಅಲ್ಲೇ ಪಾಳಿ ಹಿಡಿದು ಕೂತು, ದೀಪ ಹಚ್ಚುವ ಹೊತ್ತಿಗೆ ನೀರು ತಂದಳು. ಅಲ್ಲಿಯವರೆಗೆ ಆ ವಯಸ್ಸಾದ ಹೆಂಗಸು ಒಂದು ತುತ್ತೂ ಬಾಯಿಗೆ ಹಾಕಿರಲಿಲ್ಲ. ಇದನ್ನು ನನಗೆ ಹೇಳಿದವರು ಪಕ್ಕದ ಮನೆಯವರು.

ಶಾಲೆ ಆರಿಸುವ ದಿನ ನಾನು ಲ್ಯಾಪ್‌ಟಾಪನ್ನು ಬೀದರಿನಲ್ಲೇ ಬಿಟ್ಟು, ಬೆಳಗಾಗುವ ಮೊದಲೇ ಹೊರಟು ಏಳಕ್ಕೆ ಭಾಲ್ಕಿ ಮುಟ್ಟಿದೆ. ಟ್ಯಾಂಕರ್ ಹಿಂದಿನ ದಿನ ಬರಬೇಕಿತ್ತು, ಬಂದಿರಲಿಲ್ಲ. ಬ್ಯಾರಲ್ ಮತ್ತೆ ತಳ ಕಂಡಿತ್ತು. ಅಕ್ಕ ಇಸ್ತ್ರಿಯ ಸೀರೆ ಉಟ್ಟು, ದಾಖಲೆಯ ಫೈಲು ಹಿಡಿದು ಸಿದ್ಧಳಾಗಿದ್ದಳು. ನಾನು ಬ್ಯಾರಲ್ಲಿನ ಪಕ್ಕ ನಿಂತೆ. ಅವಳೂ ಬಂದು ನಿಂತಳು.

ಎಂಟರ ಬಸ್ಸಿಗೆ ಹೋಗು ಎಂದೆ. ನೀರು ಬರಲಿ, ಒಂಬತ್ತಕ್ಕೂ ಬಸ್ಸದ ಎಂದಳು. ಒಂಬತ್ತಕ್ಕೆ ಮತ್ತೆ ಹೇಳಿದೆ. ಅತ್ತೆಯೂ ಒಳಗಿನಿಂದ ಹೋಗು ಅಂದರು. ಅವಳು ಕದಲಲಿಲ್ಲ. ಹನ್ನೊಂದಕ್ಕೆ ನಾನು ತಡೆಯಲಾರದೆ, ಚೀಲವಿಲ್ಲ, ಏನೂ ಇಲ್ಲ, ಬರೀ ಕೈಯಲ್ಲಿ ನಿಂತಿದ್ದೇನೆ, ಇನ್ನೇನು ಬೇಕು ನಿನಗೆ ಎಂದು ಕೇಳಿದೆ.

“ನೀ ನಿಂತೀದಿ, ಕಾಣಸ್ತದ ನನಗ,” ಎಂದಳು. “ಹೋದ್ರೂ ನನ್ನ ಜೀವ ಇಲ್ಲೇ ಇರ್ತದ ತಮ್ಮಾ. ಇನ್ನೊಂದ್ಸಲ ಅವರು ಹಸಕೊಂಡು ಕುಂತರ ನಾ ಯಾವ ಸಾಲಿಗಿ ಹೋಗಿ ಏನು ಕಲಿಸ್ಲಿ?”

ಬೀದರಿನಲ್ಲಿ ಮೂರಕ್ಕೆ ಪಟ್ಟಿ ಮುಚ್ಚುತ್ತಿತ್ತು. ಬಸ್ಸಿನ ದಾರಿ ಒಂದು ತಾಸಿನ ಮೇಲೆ. ಟ್ಯಾಂಕರ್ ಎರಡೂವರೆಗೆ ಓಣಿಯೊಳಗೆ ತಿರುಗಿತು.

ಚಾಲಕ ನಮ್ಮ ಮನೆಯ ಮುಂದೆ ನಿಲ್ಲಿಸಿ ಕೆಳಗಿಳಿದ. “ಏನ್ರಿ ಇವತ್ತ, ಒಂದು ಪೈಪಿಗಿ ಇಬ್ಬರು?”

ಅಕ್ಕ ಫೈಲನ್ನು ನನ್ನ ಕೈಗೆ ಕೊಟ್ಟು ಪೈಪನ್ನು ತಾನು ತೆಗೆದುಕೊಂಡಳು. ಬ್ಯಾರಲ್ ತುಂಬುವವರೆಗೆ ನಾನು ಫೈಲು ನೆನೆಯದಂತೆ ಎದೆಗೆ ಹಿಡಿದು ನಿಂತಿದ್ದೆ.