ಸನ್ಮಾನಕ್ಕೆ ಕೂತ ಹವಾಲ್ದಾರರು ಏಳಲಿಲ್ಲ

ಶಾಲಿಗೆ ಮುನ್ನೂರು ರೂಪಾಯಿ. ಅಂಗಡಿಯವನು ಹೇಳಿದ್ದು ಆರುನೂರು. ಅರ್ಧಕ್ಕೆ ಹೇಗೆ ಬಂತು ಅಂತೀರಾ? ಸುಡುವ ಬೇಸಿಗೆಯಲ್ಲಿ ಗದಗದ ಪೇಟೆಯಲ್ಲಿ ಉಣ್ಣೆ ಶಾಲು ಕೇಳುವವರು ಯಾರಿದ್ದಾರೆ? ಯಾರೂ ಕೇಳದಾಗ ಕೊಳ್ಳಬೇಕು. ಬೆಟಗೇರಿಯ ಓಣಿಗಳಲ್ಲಿ ತಳ್ಳುಗಾಡಿಯ ಮೇಲೆ ಸ್ಟೀಲ್ ಪಾತ್ರೆ ಮಾರಿ, ಕೊನೆಗೆ ಲಕ್ಷ್ಮೇಶ್ವರದಲ್ಲಿ ಸ್ವಂತ ಅಂಗಡಿ ಹಾಕಿದವನು ನಾನು. ಇಷ್ಟೂ ಗೊತ್ತಿರದಿದ್ದರೆ ಹೇಗೆ?

ಆ ಶಾಲು ಒಬ್ಬ ಮನುಷ್ಯನ ಜೀವ ತೆಗೆಯುವುದರಲ್ಲಿತ್ತು.

ಉತ್ಪ್ರೇಕ್ಷೆ ಅಲ್ಲ. ಹೋದ ಭಾನುವಾರ ನಡೆದದ್ದು.

ಹವಾಲ್ದಾರ್ ಮೌಲಾಸಾಬರು ನಮ್ಮ ಓಣಿಯವರು. ವಯಸ್ಸು ಎಪ್ಪತ್ತರ ಹತ್ತಿರ. ಹರೆಯವನ್ನೆಲ್ಲ ಸೈನ್ಯದಲ್ಲಿ ಕಳೆದರು. ಹಿಮದಲ್ಲಿ ಕಾವಲು ನಿಂತು ಎಡಗಾಲಿನ ಎರಡು ಬೆರಳು ಕಳೆದುಕೊಂಡರು. ಊರಿಗೆ ಬಂದ ಮೇಲೆ ಶಿರಹಟ್ಟಿಯ ಒಂದು ಸರ್ಕಾರಿ ಕಚೇರಿಯಲ್ಲಿ ಜೀಪ್ ಡ್ರೈವರ್ ಆದರು. ಸಾಹೇಬರು ಒಳಗೆ ಮೀಟಿಂಗ್ ಮಾಡುತ್ತಿದ್ದರೆ ಇವರು ಹೊರಗೆ ಜೀಪಿನಲ್ಲಿ ಕಾಯಬೇಕು. ಅಲ್ಲಿಂದಲೂ ನಿವೃತ್ತರಾದರು. ಮನೆಯಲ್ಲಿ ಆರಾಮಾಗಿ ಇರುತ್ತಾರೆ ಅಂದುಕೊಂಡರೆ, ಕೋಳಿ ಕೂಗುವ ಹೊತ್ತಿಗೆ ಮಾಗಡಿ ಕೆರೆಯ ಕಡೆ ಹೋಗಿ ಸೈನ್ಯಕ್ಕೆ ಸೇರಬೇಕೆನ್ನುವ ಹುಡುಗ ಹುಡುಗಿಯರನ್ನು ಓಡಿಸುತ್ತಾರೆ. ಪುಕ್ಕಟೆ! ಓಣಿಯಲ್ಲಿ ಯಾರದೇ ಮನೆಯಲ್ಲಿ ಸಾವಾಗಲಿ, ಯಾವುದೇ ಜಾತಿ ಇರಲಿ, ಶಾಮಿಯಾನದ ಗೂಟ ಹೊಡೆಯಲು ಮೊದಲು ಬರುವವರು ಅವರೇ.

ಇಂಥವರಿಗೆ ಸನ್ಮಾನ ಮಾಡದೆ ಇರುವುದು ಹೇಗೆ? ನಮ್ಮ ಗೆಳೆಯರ ಬಳಗ ನಿರ್ಧರಿಸಿತು. ಕಾರ್ಯದರ್ಶಿ ಈರಣ್ಣ ಮೈಕು ಹಿಡಿಯುವುದು, ನಾನು ಸಾಮಾನು ತರುವುದು. ಮುಖ್ಯ ಅತಿಥಿ ಒಬ್ಬ ದೊಡ್ಡ ಮನುಷ್ಯರು. (ಹೆಸರು ಬೇಡ, ಸಾಹೇಬರು ಅಂದರೆ ಸಾಕು. ಅಂಥವರು ಎಲ್ಲ ಊರಿಗೂ ಒಬ್ಬರು ಇರುತ್ತಾರೆ.)

ಕಾರ್ಯಕ್ರಮ ಹತ್ತಕ್ಕೆ ಅಂತ ಕರಪತ್ರದಲ್ಲಿ ಹಾಕಿದ್ದೆವು. ಹತ್ತು ಅಂದರೆ ಹನ್ನೆರಡು ಎನ್ನುವುದು ನಮಗೆಲ್ಲ ಗೊತ್ತು. ಹವಾಲ್ದಾರರಿಗೆ ಗೊತ್ತಿಲ್ಲ. ಅವರ ಹತ್ತು ಅಂದರೆ ಒಂಬತ್ತೂ ಮುಕ್ಕಾಲು. ಇಸ್ತ್ರಿ ಮಾಡಿದ ಕೋಟಿನ ಮೇಲೆ ಮೆಡಲ್ ಸಿಕ್ಕಿಸಿಕೊಂಡು ಬಂದೇಬಿಟ್ಟರು. ಈರಣ್ಣ ಅವರ ಕೈ ಹಿಡಿದು ವೇದಿಕೆಯ ನಡುವಿನ ದೊಡ್ಡ ಕುರ್ಚಿ ತೋರಿಸಿದ.

"ಕಾಕಾ, ಇಲ್ಲೇ ಕುಂಡ್ರಿ. ಸಾಹೇಬ್ರು ಬಂದ್ರು ಅನ್ನೂದ್ರಾಗ ಚಾಲೂ ಮಾಡೂಣು."

ಕೂತರು. ಬೆನ್ನು ನೆಟ್ಟಗೆ, ಕೈ ಮೊಣಕಾಲ ಮೇಲೆ. ತಲೆಗೆ ಪೇಟ ಇಟ್ಟೆವು. ಕೊರಳಿಗೆ ಹಾರ. ಮೇಲೆ ನನ್ನ ಉಣ್ಣೆ ಶಾಲು. ಸಾಹೇಬರ ಶಾಲು ಬೇರೆ, ಅದು ಆಮೇಲೆ. ಫೋಟೋದಲ್ಲಿ ಮೊದಲು ನಮ್ಮ ಬಳಗದ್ದು ಬರಲಿ ಎನ್ನುವ ಲೆಕ್ಕ. ತಲೆಯ ಮೇಲೆ ತಗಡಿನ ಶೆಡ್ಡು. ಫ್ಯಾನು? ಇತ್ತು, ಮುಖ್ಯ ಅತಿಥಿಯ ಖಾಲಿ ಕುರ್ಚಿಯ ಕಡೆ ತಿರುಗಿತ್ತು.

ಹನ್ನೊಂದಾಯಿತು. ಸಾಹೇಬರು ಮುಂಡರಗಿ ಬಿಟ್ಟಿದ್ದಾರೆ ಅಂತ ಫೋನು ಬಂತು. ಈರಣ್ಣ ದೇಶಭಕ್ತಿ ಗೀತೆ ಹಾಕಿಸಿದ. ಹನ್ನೆರಡಾಯಿತು. ಇನ್ನೂ ಮುಂಡರಗಿ ಬಿಡುತ್ತಲೇ ಇದ್ದಾರೆ!

ಅಷ್ಟರಲ್ಲಿ, ನಾವು ಹಿಂದಿನ ಸಾಲಿನಲ್ಲಿ ಕೂರಿಸಿದ್ದ ಹವಾಲ್ದಾರರ ಹೆಂಡತಿ ಫಾತಿಮಾಬಿ ನನ್ನ ಹತ್ತಿರ ಬಂದರು. ಕೈಯಲ್ಲಿ ಬಟ್ಟೆಯಲ್ಲಿ ಕಟ್ಟಿದ ಡಬ್ಬಿ.

"ಸಾವ್ಕಾರ, ಅವ್ರಿಗೆ ಶುಗರ್ ಐತ್ರಿ. ಮುಂಜಾನೆ ಸೂಜಿ ತಗೊಂಡಾರ. ಹೊತ್ತಿಗೆ ಸರಿಯಾಗಿ ರೊಟ್ಟಿ ತಿನ್ನಬೇಕ್ರಿ. ಒಂದೀಟು ಕೆಳಗ ಕರಕೊಂಡ್ ಬರ್ರಿ."

ನಾನು ಏನೆಂದೆ ಗೊತ್ತೆ? "ಐದ ನಿಮಿಷ ತಡೀರಿ ಚಿಗವ್ವ. ಸಾಹೇಬ್ರು ಬಂದ ಬಿಡ್ತಾರ. ವೇದಿಕಿ ಮ್ಯಾಲೆ ರೊಟ್ಟಿ ತಿಂದ್ರ ಚಂದ ಕಾಣಸೂದಿಲ್ಲ."

ಚಂದ! ಆ ಮಾತು ನನ್ನ ಬಾಯಿಂದಲೇ ಬಂತು.

ಸ್ವಲ್ಪ ಹೊತ್ತಿಗೆ ಹವಾಲ್ದಾರರ ಮುಖ ಪೂರ್ತಿ ಒದ್ದೆಯಾಯಿತು. ಈರಣ್ಣ ಮೈಕಿನಲ್ಲಿ ಕೂಗಿದ: "ನೋಡಿ ಬಂಧುಗಳೇ, ನಮ್ಮ ವೀರ ಯೋಧರ ಕಣ್ಣಲ್ಲಿ ಆನಂದಬಾಷ್ಪ!" ಜನ ಚಪ್ಪಾಳೆ ಹೊಡೆದರು. ಅದು ಬೆವರಾಗಿತ್ತು. ಆಮೇಲೆ ಅವರ ಬಲಗೈ ನಡುಗುತ್ತ ಹಣೆಯ ಕಡೆ ಎದ್ದಿತು. ಸೆಲ್ಯೂಟ್ ಹೊಡೆಯುತ್ತಿದ್ದಾರೆ ಅಂದುಕೊಂಡು ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ನಾನೂ ಹೊಡೆದೆ. ಪಾಪ, ಅವರು ಕಣ್ಣಿಗೆ ಇಳಿದಿದ್ದ ಪೇಟ ಸರಿಸಲು ನೋಡುತ್ತಿದ್ದರು.

ಚಪ್ಪಾಳೆ ನಿಲ್ಲುವ ಮುಂಚೆಯೇ ಕುರ್ಚಿಯಿಂದ ಜಾರಿದರು.

ನಾನೂ ಸೇರಿ ಇಡೀ ಬಳಗ ನಿಂತಲ್ಲೇ ನಿಂತಿತು. ಓಡಿದವರು ಫಾತಿಮಾಬಿ ಒಬ್ಬರೇ. ಮೆಟ್ಟಿಲ ಹತ್ತಿರ ಬ್ಯಾಡ್ಜ್ ಹಾಕಿಕೊಂಡ ಸ್ವಯಂಸೇವಕನೊಬ್ಬ "ಅಮ್ಮಾ, ಮ್ಯಾಲೆ ಹೋಗಬ್ಯಾಡ್ರಿ" ಅಂದ. ಅವನನ್ನು ಬದಿಗೆ ತಳ್ಳಿ ಹತ್ತಿದರು. ಪೇಟ ಕಿತ್ತೆಸೆದರು. ಶಾಲು ಕಿತ್ತೆಸೆದರು. ಅತಿಥಿಗಳಿಗೆ ಅಂತ ಇಟ್ಟಿದ್ದ ನೀರಿನ ಬಾಟಲಿ ತೆರೆದು, ಸೆರಗಿನ ತುದಿಯಲ್ಲಿ ಗಂಟು ಹಾಕಿಕೊಂಡಿದ್ದ ಸಕ್ಕರೆ ಅದರಲ್ಲಿ ಕಲಸಿದರು.

"ಕಣ್ಣ ತೆಗೀರಿ. ನನ್ನ ಕಡೆ ನೋಡ್ರಿ. ನುಂಗ್ರಿ. ಹೂಂ, ನುಂಗ್ರಿ!"

ಪುಣ್ಯಕ್ಕೆ ಇನ್ನೂ ಎಚ್ಚರ ಇತ್ತು. ನುಂಗಿದರು.

ನನ್ನ ಗಾಡಿಯಲ್ಲೇ ಆಸ್ಪತ್ರೆಗೆ ಒಯ್ದೆವು. ಡಾಕ್ಟರು ಸಲೈನ್ ಹಚ್ಚಿ ನನ್ನ ಕಡೆ ತಿರುಗಿ, "ಸೂಜಿ ತಗೊಂಡು ಉಣ್ಣದೆ ಕೂತಿದ್ದಕ್ಕೆ ಶುಗರ್ ಪೂರ್ತಿ ಇಳಿದಿತ್ತು. ಇನ್ನು ಸ್ವಲ್ಪ ತಡ ಆಗಿದ್ದರೆ ಉಳಿಸುವುದು ನನ್ನ ಕೈಯಲ್ಲಿ ಇರುತ್ತಿರಲಿಲ್ಲ" ಅಂದರು. ಹಿಮ ಕೊಲ್ಲಲಿಲ್ಲ. ಗುಂಡು ಕೊಲ್ಲಲಿಲ್ಲ. ಸರ್ಕಾರಿ ಜೀಪೂ ಕೊಲ್ಲಲಿಲ್ಲ. ನಾವು, ಅವರನ್ನು ಪ್ರೀತಿಸುವವರು, ಹಾರ ಹಾಕಿ ಮುಗಿಸುತ್ತಿದ್ದೆವು!

ಆಗ ಈರಣ್ಣನ ಫೋನು. ಹೇಗಿದ್ದಾರೆ ಅಂತ ಕೇಳುತ್ತಾನೆ ಅಂದುಕೊಂಡೆ. ಕೇಳಿದ, ಇಲ್ಲ ಅನ್ನುವುದಿಲ್ಲ. ಆಮೇಲೆ ಅಂದ:

"ಅಣ್ಣಾ, ಸಾಹೇಬ್ರು ಬಂದಾರ. ಹವಾಲ್ದಾರ್ರ ಪರವಾಗಿ ನೀನ ಬಂದು ಸನ್ಮಾನ ಸ್ವೀಕಾರ ಮಾಡು. ಜಲ್ದಿ ಬಾ, ಅವ್ರಿಗೆ ಮುಂದ ಇನ್ನೊಂದು ಪ್ರೋಗ್ರಾಮ್ ಐತಂತ."

ಏನು ಉತ್ತರ ಕೊಟ್ಟೆ ಅನ್ನುವುದನ್ನು ಪತ್ರಿಕೆಯಲ್ಲಿ ಅಚ್ಚು ಹಾಕಲು ಬರುವುದಿಲ್ಲ.

ಸಂಜೆಗೆ ಹವಾಲ್ದಾರರು ದಿಂಬಿಗೆ ಒರಗಿ ಕೂತಿದ್ದರು. ಫಾತಿಮಾಬಿ ರೊಟ್ಟಿ ಮುರಿದು ಬೇಳೆಯಲ್ಲಿ ಅದ್ದಿ ತಿನ್ನಿಸುತ್ತಿದ್ದರು. ನಾನು ತಡೆಯಲಾರದೆ ಕೇಳಿದೆ: "ಕಾಕಾ, ಸಂಕಟ ಆಗ್ತೈತಿ ಅಂತ ಒಂದ ಮಾತು ಹೇಳಬಾರದೇನ್ರಿ? ಎದ್ದು ಕೆಳಗ ಬರಬಾರದೇನ್ರಿ?"

ಅವರಿಗೆ ನನ್ನ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತು.

"ನೀವು ಕುಂಡ್ರಿ ಅಂದ್ರಿ. ಏಳ್ರಿ ಅಂತ ಯಾರೂ ಅನ್ನಲಿಲ್ಲ."

ಅಷ್ಟೇ. ಸಿಟ್ಟಿಲ್ಲ, ದೂರಿಲ್ಲ. ಡ್ಯೂಟಿಗೆ ಹಾಕಿದವರು ಬಂದು ಬಿಡಿಸುವ ತನಕ ಜಾಗ ಬಿಡಬಾರದು. ಸೈನ್ಯದಲ್ಲಿ ಕಲಿತದ್ದು, ಜೀಪಿನಲ್ಲಿ ಗಟ್ಟಿಯಾದದ್ದು. ನಮ್ಮ ಕುರ್ಚಿಯನ್ನೂ ಅವರು ಡ್ಯೂಟಿ ಅಂತಲೇ ತಿಳಿದಿದ್ದರು.

ಫಾತಿಮಾಬಿ ಮಾತ್ರ ಬಿಡಲಿಲ್ಲ. "ಸಾವ್ಕಾರ, ನಿಮ್ಮ ಅಂಗಡಿಗೆ ಒಂದು ಚಮಚಾ ಕೊಳ್ಳಾಕ ಬಂದಾವಂಗೂ ಚಾ ತರಸ್ತೀರಿ. ಇವ್ರು ಏನೂ ಕೊಳ್ಳೂದಿಲ್ಲ ಅಂತ ನೀರೂ ಕೊಡಲಿಲ್ಲೇನ್ರಿ?"

"ಏ, ಬಿಡ ಅವ್ರನ್ನ," ಅಂದರು ಹವಾಲ್ದಾರರು.

"ನೀವು ಸುಮ್ನ ತಿನ್ರಿ! ಸಾಯೂದಕ್ಕೂ ಆರ್ಡರ್ ಕಾಯ್ತಾರ ಇವ್ರು."

ಮೂವರೂ ನಕ್ಕೆವು. ನನ್ನ ನಗು ಅರ್ಧಕ್ಕೇ ನಿಂತಿತು.

ಈ ವಾರ ಬಳಗ ಮತ್ತೆ ಸಭೆ ಸೇರಿದೆ. "ಉಳಿದ ಸನ್ಮಾನ" ಮುಗಿಸಬೇಕಂತೆ. ಹವಾಲ್ದಾರರನ್ನು ಕೇಳಿದರೆ "ಎಷ್ಟೊತ್ತಿಗೆ ಬರಲಿ?" ಅಂದರಂತೆ! ನಾನು ಅಡ್ಡ ನಿಂತಿದ್ದೇನೆ. ಮಾಡುವುದಾದರೆ ಮುಂಜಾನೆ ಮಾಗಡಿ ಕೆರೆಯ ಹತ್ತಿರ, ಅವರು ಓಡಿಸುವ ಹುಡುಗರ ನಡುವೆ ಮಾಡಿ, ಬಿಸಿಲೇರುವ ಮೊದಲು ಮನೆಗೆ ಬಿಡಿ ಅಂದಿದ್ದೇನೆ. ಅಲ್ಲಿ ಸಾಹೇಬರ ಕಾರು ಬರುವುದಿಲ್ಲವಂತೆ. ಬಾರದಿದ್ದರೆ ಇನ್ನೂ ಒಳ್ಳೆಯದಲ್ಲವೇ?

ನಿಮ್ಮ ಊರಿನಲ್ಲೂ ಇಂಥವರೊಬ್ಬರು ಇರುತ್ತಾರೆ. ಅವರಿಗೂ ಹಾರ ಹಾಕುವ ಹುಕಿ ನಿಮಗೆ ಬಂದೇ ಬರುತ್ತದೆ. ಹಾಕಿ, ಬೇಡ ಅನ್ನುವುದಿಲ್ಲ. ಆದರೆ ಮುಖ್ಯ ಅತಿಥಿ ಬಂದು ಕೂತ ಮೇಲೆ ಅವರನ್ನು ಮನೆಯಿಂದ ಕರೆತನ್ನಿ. ಫ್ಯಾನು ಅವರ ಕಡೆ ತಿರುಗಿಸಿ. ಅವರ ಮನೆಯವರನ್ನು ಹಿಂದಿನ ಸಾಲಿಗೆ ಕಳಿಸಬೇಡಿ, ಪಕ್ಕದಲ್ಲೇ ಕೂರಿಸಿ. ಅವರು ತಾವಾಗಿ ಏನೂ ಬೇಡುವುದಿಲ್ಲ. ಬೇಡುವ ಜನವಾಗಿದ್ದರೆ ನೀವು ಸನ್ಮಾನಕ್ಕೆ ಹುಡುಕುತ್ತಲೇ ಇರಲಿಲ್ಲ. ಆದ್ದರಿಂದ ಮೈಕು ಹಿಡಿಯುವ ಮುಂಚೆ, ಮನೆಗೆ ಬಂದ ಅಪರಿಚಿತನಿಗೂ ಹೊಸ್ತಿಲಲ್ಲೇ ಕೇಳುವ ಮಾತನ್ನು ಅವರಿಗೂ ಒಮ್ಮೆ ಕೇಳಿ:

"ಊಟ ಆತೇನ್ರಿ?"