ಮುಚ್ಚಳ ಮೂಸುವ ಅಕ್ಕ

ಬೆಳಗಿನ ಐದು ಗಂಟೆ. ಡೇರಿಯ ಹಿಂಬಾಗಿಲಲ್ಲಿ ಮೊದಲ ಲಾರಿ ನಿಂತಿದೆ. ಐವತ್ತಾರರ ಹೆಂಗಸೊಬ್ಬರು ಒಂದೊಂದೇ ಕ್ಯಾನಿನ ಮುಚ್ಚಳ ತೆಗೆದು, ಮೂಗಿಗೆ ಹಿಡಿದು, ಕ್ಯಾನನ್ನು ಮುಂದೆ ತಳ್ಳುತ್ತಿದ್ದಾರೆ. ಮೂಸುವುದು ಹಾಲನ್ನಲ್ಲ, ಮುಚ್ಚಳವನ್ನು. ಹುಳಿವಾಸನೆ ಮೊದಲು ಕೂರುವುದು ಅಲ್ಲೇ. ಕ್ಯಾನಿಗೆ ಎರಡೇ ಸೆಕೆಂಡು. ಎಡಗೈ ಎತ್ತಿದರೆ ಆ ಕ್ಯಾನು ವಾಪಸ್. ದಿನಕ್ಕೆ ನಾನೂರು ಕ್ಯಾನು, ಮೂವತ್ತೊಂದು ವರ್ಷದಿಂದ. ಲಾರಿಯವರ ಬಾಯಲ್ಲಿ ಇವರು 'ಮೂಗಿನಕ್ಕ'.

ಆ ಮೂಗನ್ನು ಸಾಕುವುದು ಸುಲಭದ ಮಾತಲ್ಲ. ವಾಸನೆ ಸೋಪು, ಪೌಡರು, ತಲೆಗೆ ಎಣ್ಣೆ, ಹಸಿ ಈರುಳ್ಳಿ, ಯಾವುದೂ ಕೂಡದು. ಬೀಡಿ ಸೇದಬೇಕೆಂದರೆ ಗಂಡ ಓಣಿಯ ತುದಿಗೆ ಹೋಗಬೇಕು. ಇವಳು ಕಟ್ಟಿಕೊಂಡಿದ್ದು ನನ್ನನ್ನೋ ಡೇರಿಯನ್ನೋ ಎಂದು ಅವರು ಇವತ್ತಿಗೂ ಗೊಣಗುತ್ತಾರೆ.

ಡೇರಿಗೀಗ ಅರವತ್ತು. ಅದರ ಚರಿತ್ರೆ ಮುನ್ನೂರು ಪುಟಗಳ ನುಣುಪು ಕಾಗದದಲ್ಲಿ ಅಚ್ಚಾಗಿದೆ. ಎಮ್ಮೆಗೂ ಫೋಟೊ ಇದೆ, ಚಿಮಣಿಗೂ ಇದೆ. ಮೂಗಿನಕ್ಕನನ್ನು ಹುಡುಕಿ ಹುಡುಕಿ ನನ್ನ ಕಣ್ಣು ಸೋತವು. ಕೊನೆಗೆ ಅವರೇ ಪುಟ ತಿರುವಿ ಒಂದು ಸಾಲಿನ ಮೇಲೆ ಬೆರಳಿಡುತ್ತಾರೆ: 'ಆ ವರ್ಷ ಮುಚ್ಚಳ ಪರೀಕ್ಷಕಿಯ ಅಜಾಗರೂಕತೆಯಿಂದ ಒಂದು ತೊಟ್ಟಿ ಹಾಲು ಕೆಟ್ಟು ಚರಂಡಿ ಸೇರಿತು.' ಡೇರಿಗೆ ಪರೀಕ್ಷಕಿ ಎಂದರೆ ಇವರೊಬ್ಬರೇ, ಹೆಸರು ಹಾಕುವ ಅಗತ್ಯವೇ ಇಲ್ಲ. ಮೊಮ್ಮಗಳ ಶಾಲೆಗೂ ಒಂದು ಪ್ರತಿ ಹೋಗಿದೆ.

ನಡೆದದ್ದು ಇಪ್ಪತ್ತಾರು ವರ್ಷದ ಹಿಂದೆ. ಅಂದು ಇವರಿಗೆ ವಿಪರೀತ ನೆಗಡಿ. ಮೂಗು ಕಟ್ಟಿದೆ, ರಜೆ ಕೊಡಿ ಎಂದು ಮೇಲ್ವಿಚಾರಕರನ್ನು ಎರಡು ಸಲ ಬೇಡಿಕೊಂಡರು. ನಾಟಕ ಸಾಕು, ಹೋಗಿ ನಿಂತುಕೋ ಎಂದು ಅವರು ಗದರಿದರು. ಮೂಗು ಬಿಟ್ಟರೆ ಸಾಕೆಂದು ಇವರು ನೆಗಡಿಯ ಮುಲಾಮು ಹಚ್ಚಿಕೊಂಡರು. ಅಲ್ಲಿಗೆ ಕೆಲಸ ಕೆಟ್ಟಿತು. ನಾನೂರು ಮುಚ್ಚಳಕ್ಕೂ ಮುಲಾಮಿನದೇ ವಾಸನೆ. ಹುಳಿ ಹಿಡಿದಿದ್ದ ಆರು ಕ್ಯಾನು ಸದ್ದಿಲ್ಲದೆ ತೊಟ್ಟಿ ಸೇರಿದವು.

"ಮುಲಾಮು ಹಚ್ಚಿದ್ದು ನನ್ನ ತಪ್ಪೇ, ಇಲ್ಲ ಅನ್ನಲ್ಲ" ಎನ್ನುತ್ತಾರೆ. "ಆದ್ರೆ ರಜೆ ಕೇಳಿದ್ನಲ್ಲ, ಅದನ್ಯಾಕೆ ನುಂಗಿ ಹಾಕಿದ್ರು?"

ಯಾಕೆಂದರೆ ಆ ಮೇಲ್ವಿಚಾರಕರು ಮುಂದೆ ವ್ಯವಸ್ಥಾಪಕರಾದರು. ಈಗ ನಿವೃತ್ತರು, ಚರಿತ್ರೆ ಬರೆದವರೂ ಅವರೇ. ನನಗಂತೂ ಮೈ ಉರಿದುಹೋಯಿತು. ಫೋನು ಮಾಡಿ ಕೇಳಿದರೆ ಅವರು ಅಲ್ಲಗಳೆಯಲೂ ಇಲ್ಲ. "ಕೇಳಿದ್ಲು, ನಿಜ. ಅಂಥ ಸಣ್ಣಪುಟ್ಟದಕ್ಕೆಲ್ಲ ಪುಸ್ತಕದಲ್ಲಿ ಜಾಗ ಎಲ್ಲಿದೆ ಹೇಳಿ?" ಎಂದರು. ಮುನ್ನೂರು ಪುಟದಲ್ಲಿ ಅವರ ಫೋಟೊಗಳೇ ಹನ್ನೊಂದು.

ಮುಂದಿನ ತಿಂಗಳು ಎರಡನೇ ಮುದ್ರಣವಂತೆ. ಅದರಲ್ಲಿ ಏನಿರಬೇಕು, ನಿಮ್ಮ ಹೆಸರೇ, ಫೋಟೊವೇ ಎಂದು ಮೂಗಿನಕ್ಕನನ್ನು ಕೇಳುತ್ತೇನೆ. ಅವರು ಇನ್ನೊಂದು ಮುಚ್ಚಳ ಮೂಸಿ ಕ್ಯಾನನ್ನು ಮುಂದೆ ತಳ್ಳುತ್ತಾರೆ.

"ಅವೆಲ್ಲ ಯಾಕೆ? ಆ ಸಾಲು ಹಾಗೇ ಇರ್ಲಿ. ಅದರ ಪಕ್ಕ ಮೂರೇ ಮೂರು ಮಾತು ಸೇರಿಸ್ಲಿ. ಅವಳು ರಜೆ ಕೇಳಿದ್ದಳು."